ಅಡಕತ್ತರಿಯಲ್ಲಿ ಸಿಕ್ಕ ರಕ್ತನಾಳ

ಮುಂಬೈ ಬಳಿಯ ಡೊಂಬಿವಲಿಯ ಲ್ಯಾಬಿಗೆ ಬೆಳಿಗ್ಗೆ ಬಂದವರು ಕುಂದಾಪುರ ಕಡೆಯ ತಾಯಿ, ಜೊತೆಗೆ 13 ವರ್ಷದ ಮಗ. ಹುಡುಗ ಒಂದೇ ವರ್ಷದಲ್ಲಿ ಎತ್ತರ ಬೆಳೆದು ಕಡ್ಡಿಯಂತಾಗಿದ್ದ. ಶಾಲೆಯ ತಪಾಸಣೆಯಲ್ಲಿ ಮೂತ್ರದಲ್ಲಿ ಪ್ರೋಟೀನ್ 2+ (ಪ್ಲಸ್ ಹೆಚ್ಚಿದಷ್ಟೂ ಪ್ರೋಟೀನ್ ಹೆಚ್ಚು) ಬಂದದ್ದೇ ತಡ, ಮನೆಯಲ್ಲಿ ಬೇಳೆ, ಮೊಟ್ಟೆ, ಮೀನು ನಿಂತಿತ್ತು.

“ಬೆಳಗಿನ ಮೂತ್ರದಲ್ಲೂ 1+ ಬಂತಲ್ಲ ಅಣ್ಣ, ಕಿಡ್ನಿಗೇನಾದರೂ ಆಯಿತಾ?”

“ಹಿಂದಿನ ರಾತ್ರಿ ಮಲಗುವ ಮುಂಚೆ ಮೂತ್ರ ಮಾಡಿದ್ದನಾ ಅಕ್ಕ?”

ಇಲ್ಲ. ಟ್ಯೂಷನ್ನಿನಿಂದ ಬಂದವನು ಉಂಡು ಹಾಗೇ ಮಲಗಿದ್ದ. ಎಡವಟ್ಟಾಗುವುದು ಇಲ್ಲೇ. ಕೆಲವು ಮಕ್ಕಳಿಗೆ ನಿಂತು ಓಡಾಡುವಾಗ ಮಾತ್ರ ಪ್ರೋಟೀನ್ ಸೋರುತ್ತದೆ, ಮಲಗಿದಾಗ ಇಲ್ಲ; ಅದನ್ನು ತಿಳಿಯಲೆಂದೇ ಬೆಳಗಿನ ಮೂತ್ರ ನೋಡುವುದು. ಸಂಜೆ ಓಡಾಡುವಾಗ ತಯಾರಾದ ಮೂತ್ರ ಮೂತ್ರಕೋಶದಲ್ಲೇ ಉಳಿದು ಬೆಳಗಿನದಕ್ಕೆ ಬೆರೆಯುತ್ತದೆ. ಮಲಗುವ ಮೊದಲು ಪೂರ್ತಿ ಖಾಲಿ ಮಾಡಬೇಕು. ಬೆಳಿಗ್ಗೆ ಎದ್ದವನು ಬೇರೆಲ್ಲೂ ಸುತ್ತದೆ ನೇರ ಬಚ್ಚಲಿಗೆ ಹೋಗಿ, ಮೊದಲ ಧಾರೆ ಬಿಟ್ಟು ನಡುವಿನದನ್ನು ಡಬ್ಬಿಯಲ್ಲಿ ಹಿಡಿಯಬೇಕು. ಜ್ವರವಿದ್ದಾಗ, ಹಿಂದಿನ ದಿನ ಜೋರಾಗಿ ಆಟವಾಡಿದ್ದಾಗ ಪರೀಕ್ಷೆ ಬೇಡ.

ಎರಡು ದಿನ ಬಿಟ್ಟು ಸರಿಯಾಗಿ ಹಿಡಿದ ಡಬ್ಬಿ ಬಂತು. ಅದರಲ್ಲಿ ಅದ್ದಿದ ಸ್ಟ್ರಿಪ್ಪಿನ, ಅಂದರೆ ಪರೀಕ್ಷಾ ಪಟ್ಟಿಯ, ಪ್ರೋಟೀನ್ ಚೌಕ ಹಳದಿಯಾಗಿಯೇ ಉಳಿಯಿತು; ಪ್ರೋಟೀನ್ ಇಲ್ಲ. ಲೋಕಲ್ ಟ್ರೇನಿನಲ್ಲಿ ನಿಂತು ಬಂದು ಹತ್ತು ಗಂಟೆಗೆ ಹುಡುಗ ಕೊಟ್ಟ ಎರಡನೆಯದರಲ್ಲಿ ಅದೇ ಚೌಕ ನಿಮಿಷದೊಳಗೆ ಹಸಿರಾಯಿತು, ಪ್ರೋಟೀನ್ ಇದೆ. ಪ್ರೋಟೀನನ್ನು ಕ್ರಿಯಾಟಿನಿನ್‌ಗೆ (ಕಿಡ್ನಿ ಹೊರಹಾಕುವ ಒಂದು ತ್ಯಾಜ್ಯ) ಹೋಲಿಸಿ ನೋಡುವ ಅನುಪಾತ ಮೊದಲನೆಯದರಲ್ಲಿ 0.08, ಎರಡನೆಯದರಲ್ಲಿ 0.9. ಈ ವಯಸ್ಸಿಗೆ 0.2ರೊಳಗಿದ್ದರೆ ಸರಿ.

ಮಲಗಿದಾಗ ಇಲ್ಲದ್ದು ನಿಂತಾಗ ಏಕೆ? ಎಡ ಕಿಡ್ನಿಯಿಂದ ಬರುವ ಅಭಿಧಮನಿ (ರಕ್ತವನ್ನು ಹೃದಯದತ್ತ ಮರಳಿಸುವ ನಾಳ), ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಮತ್ತು ಅದರಿಂದ ಕವಲೊಡೆದು ಕರುಳಿಗೆ ಹೋಗುವ ಧಮನಿಯ ಸಂದಿಯಲ್ಲಿ ಹಾದುಹೋಗಬೇಕು. ಆ ಸಂದಿಯನ್ನು ಅಗಲವಾಗಿಡುವುದು ಅಲ್ಲಿನ ಕೊಬ್ಬು. ಸಣಕಲು ಮಕ್ಕಳಲ್ಲಿ ಅದು ಕಡಿಮೆ. ನಿಂತಾಗ ಕರುಳು ಕೆಳಕ್ಕೆ ಜಗ್ಗಿ ಸಂದಿ ಇನ್ನಷ್ಟು ಕಿರಿದಾಗುತ್ತದೆ. ಅಡಕತ್ತರಿಗೆ ಸಿಕ್ಕ ಅಡಕೆಯ ಹಾಗೆ ಅಭಿಧಮನಿ ಒತ್ತಿಹೋಗಿ, ಕಿಡ್ನಿಯಲ್ಲಿ ಒತ್ತಡ ಏರಿ ಪ್ರೋಟೀನ್ ಸೋರುತ್ತದೆ, ಕೆಲವರಲ್ಲಿ ರಕ್ತವೂ. ಈ ತೊಂದರೆಗೆ ನಟ್‌ಕ್ರ್ಯಾಕರ್ (ಕಾಯಿ ಒಡೆಯುವ ಇಕ್ಕಳ) ಎಂಬ ಹೆಸರು ಬಂದದ್ದೂ ಹೀಗೆಯೇ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸೋನೋಗ್ರಫಿಯನ್ನು ಮಲಗಿಸಿಯಷ್ಟೇ ಅಲ್ಲ, ನಿಲ್ಲಿಸಿಯೂ ಮಾಡಿಸಬೇಕು. ಹುಡುಗನ ಅಭಿಧಮನಿ ಕಿಡ್ನಿಯ ಬಳಿ ಉಬ್ಬಿತ್ತು, ಸಂದಿಯಲ್ಲಿ ದಾರದಷ್ಟಾಗಿತ್ತು.

ರಕ್ತದೊತ್ತಡ, ರಕ್ತದ ಕ್ರಿಯಾಟಿನಿನ್ ಎರಡೂ ಸರಿಯಿದ್ದವು, ಕಣ್ಣಿನ ಸುತ್ತ ಬಾವು ಇರಲಿಲ್ಲ. ಸ್ಟಿರಾಯ್ಡ್ ಬೇಡ, ಬಯಾಪ್ಸಿ ಬೇಡ ಎಂದ ಡಾಕ್ಟರು ಬೇಳೆ, ಮೀನು ಮತ್ತೆ ಶುರುಮಾಡಿಸಿದರು. ಇಂಥ ಮಗುವನ್ನು ಪಥ್ಯದಲ್ಲಿಟ್ಟು ಸೊರಗಿಸಿದರೆ ಇರುವ ಕೊಬ್ಬೂ ಕರಗಿ ಸಂದಿ ಇನ್ನೂ ಬಿಗಿಯುತ್ತದೆ. ತೂಕ ಕೂಡಿದಂತೆ ಹೆಚ್ಚಿನ ಮಕ್ಕಳಲ್ಲಿ ಇದು ತಾನಾಗಿ ಕಡಿಮೆಯಾಗುತ್ತದೆ. ಸರಿಯಾಗಿ ಹಿಡಿದ ಬೆಳಗಿನ ಮೂತ್ರದಲ್ಲೂ ಪ್ರೋಟೀನ್ ಕಂಡರೆ ಮಾತ್ರ ಬೇರೆ ಕಾರಣ ಹುಡುಕಲೇಬೇಕು. ತಾಯಿ ಮುಂದಿನ ತಪಾಸಣೆಗೆಂದು ಖಾಲಿ ಡಬ್ಬಿಯೊಂದನ್ನು ಕೇಳಿ ಪಡೆದು, ಮುಚ್ಚಳದ ಮೇಲೆ ‘ರಾತ್ರಿ ಮಲಗುವ ಮುಂಚೆ’ ಎಂದು ಬರೆದುಕೊಂಡರು.