ಆಯಿಲ್‌ಡೇಲ್‌ನ ಬೋಗಿ ಮನೆ

ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆ ಹೊರಟ ನಮ್ಮ ಕಾರು ಟೆಹೋನ್ ಘಾಟಿಯನ್ನು ಏರಿ ಇಳಿಯತೊಡಗಿದಾಗ, ಮುಂದೆ ಸ್ಯಾನ್ ವಾಕೀನ್ ಬಯಲು ಒಮ್ಮೆಲೇ ತೆರೆದುಕೊಂಡಿತು. ಕಾರು ಓಡಿಸುತ್ತಿದ್ದ ತಂಗಿಯ ಮಗನಿಗೆ ಬೇಕರ್ಸ್‌ಫೀಲ್ಡ್ ಎಂದರೆ ದಾರಿಯಲ್ಲಿ ಪೆಟ್ರೋಲ್ ಹಾಕಿಸುವ ಊರು, ಅಷ್ಟೆ. “ಅಲ್ಲಿ ನೋಡೋಕೆ ಏನಿದೆ ಮಾವ?” ಎಂದ. ಉತ್ತರಕ್ಕೆ ಬದಲು ನಾನು ಆ ಸೀಮೆಯಲ್ಲೇ ಬೆಳೆದ ‘ಕಂಟ್ರಿ’ (ಅಮೆರಿಕದ ಹಳ್ಳಿಹಾಡು) ಗಾಯಕ ಮರ್ಲ್ ಹ್ಯಾಗರ್ಡ್‌ನ ‘ಮಾಮಾ ಟ್ರೈಡ್’ (ಅಮ್ಮ ಪ್ರಯತ್ನಿಸಿದಳು) ಆಲ್ಬಂ ಹಾಕಿದೆ.

1968ರಲ್ಲಿ ಕ್ಯಾಪಿಟಲ್ ಸಂಸ್ಥೆ ಹೊರತಂದ ಈ ಆಲ್ಬಂನಲ್ಲಿ 12 ಹಾಡುಗಳಿವೆ. ಎಣ್ಣೆಬಾವಿಗಳಲ್ಲಿಯೂ ಹತ್ತಿ ಹೊಲಗಳಲ್ಲಿಯೂ ದುಡಿದವರು ಸಂಜೆ ಕುಡಿದು ಕುಣಿಯಲು ಸೇರುತ್ತಿದ್ದ ಹಾಂಕಿ-ಟಾಂಕ್‌ಗಳೇ ಈ ಸಂಗೀತದ ತವರು. ಹಳ್ಳಿಹಾಡಿನ ರಾಜಧಾನಿಯೆನಿಸಿದ ನ್ಯಾಶ್‌ವಿಲ್‌ನವರು ಅದಕ್ಕೆ ವಯಲಿನ್ ಮೇಳವನ್ನೂ ಹಿಮ್ಮೇಳದ ಗಾಯನವನ್ನೂ ಸೇರಿಸಿ ನಯಗೊಳಿಸುತ್ತಿದ್ದ ಕಾಲದಲ್ಲಿ, ಬೇಕರ್ಸ್‌ಫೀಲ್ಡ್‌ನವರು ಹಾಂಕಿ-ಟಾಂಕ್‌ಗಳ ಗದ್ದಲವನ್ನು ಸೀಳಿಕೊಂಡು ಬರುವ ಟೆಲಿಕ್ಯಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರಿನ ಚೂಪು ದನಿಯನ್ನೇ ನೆಚ್ಚಿಕೊಂಡರು.

ಬೇಕರ್ಸ್‌ಫೀಲ್ಡ್‌ನ ಕರ್ನ್ ಕೌಂಟಿ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಾನು ಹುಡುಕಿ ಬಂದ ಮನೆ ನಿಂತಿತ್ತು. ಬರಗಾಲದ 1930ರ ದಶಕದಲ್ಲಿ ಓಕ್ಲಹೋಮಾದಿಂದ ಗುಳೆ ಬಂದ ಹ್ಯಾಗರ್ಡ್‌ನ ತಂದೆ, ಸಾಂತಾ ಫೆ ರೈಲ್ವೆಯಲ್ಲಿ ಬಡಗಿಯಾಗಿದ್ದವನು, ಹಳೆಯ ಗೂಡ್ಸ್ ಬೋಗಿಯೊಂದನ್ನು ಪಕ್ಕದ ಆಯಿಲ್‌ಡೇಲ್‌ನಲ್ಲಿ ತನ್ನ ಕೈಯಾರೆ ಮನೆಯಾಗಿಸಿದ; ಅದನ್ನು 2015ರಲ್ಲಿ ಇಲ್ಲಿಗೆ ತಂದರು. ಬಿಸಿಲಿಗೆ ಕಾದ ಗೋಡೆಯ ಮೇಲೆ ಅಂಗೈಯಿಟ್ಟು, ಬೋಗಿಯ ಉದ್ದಕ್ಕೆ ಹೆಜ್ಜೆ ಹಾಕಿದೆ. ಎಣಿಕೆ ಇಪ್ಪತ್ತು ಮುಟ್ಟುವ ಮೊದಲೇ ಮನೆ ಮುಗಿದಿತ್ತು. ಗಾಯಕಿ ಡಾಲಿ ಪಾರ್ಟನ್ ಬರೆದ ಬಡತನದ ಹಾಡೊಂದನ್ನು ಹ್ಯಾಗರ್ಡ್ ಈ ಆಲ್ಬಂಗೆ ಏಕೆ ಆರಿಸಿಕೊಂಡನೆಂದು ಇಲ್ಲಿ ನಿಂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1937ರಲ್ಲಿ ಹುಟ್ಟಿದ ಹುಡುಗನಿಗೆ ಒಂಬತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡ. ಮನೆ ನಡೆಸಲು ತಾಯಿ ಫ್ಲಾಸಿ ಲೆಕ್ಕ ಬರೆಯುವ ಕೆಲಸ ಹಿಡಿದಳು. ಹುಡುಗ ಗೂಡ್ಸ್ ರೈಲು ಹತ್ತಿ ಓಡಿಹೋಗುವುದನ್ನು ಕಲಿತ. ಕೊನೆಗೆ 1957ರಲ್ಲಿ, ಕುಡಿದ ಅಮಲಿನಲ್ಲಿ, ಇನ್ನೂ ಬಾಗಿಲು ಹಾಕಿರದ ಹೋಟೆಲೊಂದಕ್ಕೆ ಕನ್ನ ಹಾಕಲು ಹೋಗಿ ಸಿಕ್ಕಿಬಿದ್ದು ಸ್ಯಾನ್ ಕ್ವೆಂಟಿನ್ ಜೈಲು ಸೇರಿದ. ಇಪ್ಪತ್ತೊಂದು ತುಂಬಿದ್ದು ಅಲ್ಲೇ. ಶೀರ್ಷಿಕೆ ಗೀತೆಯಲ್ಲೂ ಹಾಗೆಯೇ ಇದೆ, ಆದರೆ ಹಾಡಿನ ನಾಯಕನಿಗೆ ಬಿಡುಗಡೆಯೇ ಇಲ್ಲದ ಜೀವಾವಧಿ ಶಿಕ್ಷೆ. ಹಾಡಿದವನು 1960ರಲ್ಲಿ ಹೊರಬಂದ. ಶಿಕ್ಷೆಯನ್ನು ಹಿಗ್ಗಿಸಿದ್ದು ಪ್ರಾಸಕ್ಕಾಗಿ ಎಂದು ನಾನು ನಂಬುವುದಿಲ್ಲ. ತಪ್ಪನ್ನೆಲ್ಲ ತನ್ನ ತಲೆಗೇ ಕಟ್ಟಿಕೊಂಡು ತಾಯಿಯನ್ನು ದೋಷಮುಕ್ತಳನ್ನಾಗಿ ಮಾಡುವುದಕ್ಕೆ ಅವನಿಗೆ ಮೂರು ವರ್ಷದ ಸೆರೆ ಸಾಲದೆನಿಸಿರಬೇಕು.

ಇದೇ ಆಲ್ಬಂನಲ್ಲಿ ಇನ್ನೊಬ್ಬ ಕಂಟ್ರಿ ಗಾಯಕ ಜಾನಿ ಕ್ಯಾಶ್‌ನ ಫೋಲ್ಸಮ್ ಜೈಲಿನ ಹಾಡೂ ಇದೆ. ಸ್ಯಾನ್ ಕ್ವೆಂಟಿನ್‌ಗೆ ಕ್ಯಾಶ್ ಹಾಡಲು ಬಂದಾಗ ಕೈದಿಗಳ ನಡುವೆ ಕೂತು ಕೇಳಿದವನು ಹ್ಯಾಗರ್ಡ್. ಆದರೂ ನನ್ನ ಕಿವಿಗೆ ಆ ಹಾಡು ಕ್ಯಾಶ್‌ನದೇ. ಜೈಲು ಕಂಡವನ ದನಿಯಲ್ಲಿ ಅದು ಯಾಕೋ ಸಪ್ಪೆ.

ಸಂಜೆ ಕರ್ನ್ ನದಿ ದಾಟಿ ಆಯಿಲ್‌ಡೇಲ್‌ಗೆ ಹೋದೆವು. ಆಚೆಯ ಬೋಳುಗುಡ್ಡಗಳ ಮೇಲೆ ಎಣ್ಣೆ ಎತ್ತುವ ಪಂಪುಗಳು, ಗೋಣು ಹಾಕುವ ಮುದಿ ಎತ್ತುಗಳಂತೆ, ಮೇಲೆ ಕೆಳಗೆ ಆಡುತ್ತಿದ್ದವು. “ಆ ಹಾಡು ಬಂದಾಗ ಅವರಮ್ಮ ಇದ್ರಾ ಮಾವ?” ಎಂದು ಹುಡುಗ ಕೇಳಿದ. ಇದ್ದಳು ಎಂದೆ. ಮರುವರ್ಷವೇ ಅವಳ ಹಸಿದ ಕಣ್ಣುಗಳ ಬಗ್ಗೆ ಮಗ ಇನ್ನೊಂದು ಹಾಡು ಬರೆದದ್ದನ್ನೂ ಹೇಳಿದೆ. ಅವನು ಮಾತಾಡದೆ ಆಲ್ಬಂ ಅನ್ನು ಮತ್ತೆ ಮೊದಲಿನಿಂದ ಹಚ್ಚಿದ.