ಲೈಪ್‌ಜಿಗ್‌ನಲ್ಲಿ ಮೂರು ತಿಂಗಳು: ಹತ್ತು ದೇಶ ಬೇಡ, ಒಂದೂರು ಸಾಕು

ಷೆಂಗೆನ್ ವೀಸಾ ಕೈಗೆ ಬಂದ ಕೂಡಲೇ ಎಲ್ಲರೂ ಕೇಳಿದ್ದು ಒಂದೇ: “ಎಷ್ಟು ದೇಶ ನೋಡ್ತೀರಿ?” ಒಂದು ವೀಸಾದಲ್ಲಿ 29 ದೇಶ ತಿರುಗಬಹುದು, ನಿಜ. ಆದರೆ ಮಗಳು ಕೆಲಸದಲ್ಲಿರೋದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. ನಾನು, ನಮ್ಮ ಯಜಮಾನರು ಹೆಚ್ಚುಕಮ್ಮಿ ಮೂರು ತಿಂಗಳು ಅವಳ ಜೊತೆ ಇರೋಣ ಅಂತ ಬಂದವರು. ಪ್ಯಾಕೇಜ್ ಟೂರಿನವರಿಗೆ ಇಲ್ಲದ ಒಂದು ಸೌಕರ್ಯ ನಮಗಿದೆ. ಇಷ್ಟವಾದ ಜಾಗಕ್ಕೆ ಮುಂದಿನ ವಾರ ಮತ್ತೆ ಹೋಗಬಹುದು. ಅದನ್ನು ಬಿಟ್ಟು ಹತ್ತು ರಾಜಧಾನಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳೋದು ದಂಡ ಅಂತಲೇ ನನ್ನ ಅಭಿಪ್ರಾಯ.

ಮೊದಲು ದಿನಗಳ ಲೆಕ್ಕ ಹೇಳಿಬಿಡುತ್ತೇನೆ. ಯಾವುದೇ 180 ದಿನಗಳ ಒಳಗೆ 90 ದಿನ ಇರಬಹುದು. ಇಳಿದ ದಿನವೂ ಸೇರುತ್ತದೆ, ಹೊರಡುವ ದಿನವೂ ಸೇರುತ್ತದೆ. ಮಧ್ಯೆ ಪಕ್ಕದ ಚೆಕ್ ದೇಶದ ಪ್ರಾಗ್‌ಗೆ ಹೋಗಿ ಬಂದರೆ ಆ ದಿನಗಳೂ ಇದೇ ಖಾತೆಗೆ. ವೀಸಾದಲ್ಲಿ 90ಕ್ಕಿಂತ ಕಡಿಮೆ ಬರೆದಿದ್ದರೆ ಅಷ್ಟೇ. “ಮೂರು ತಿಂಗಳು” ಅಂತ ಬಾಯಿಲೆಕ್ಕದಲ್ಲಿ ವಿಮಾನದ ಟಿಕೆಟ್ ಮಾಡಿಸಬೇಡಿ. ಏಪ್ರಿಲ್ 1ರಿಂದ ಜೂನ್ 30ರವರೆಗೆ ಎಣಿಸಿ ನೋಡಿ, 91 ಆಗುತ್ತದೆ!

ವಾರವಾರವೂ ನಾವು ತಪ್ಪದೆ ಹೋಗುವ ಜಾಗ ಅಂದರೆ ಸೇಂಟ್ ಥಾಮಸ್ ಚರ್ಚು. ಹೆಸರಾಂತ ಸಂಗೀತ ರಚನಕಾರ ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಸಂಗೀತದ ಹೊಣೆ ಹೊತ್ತಿದ್ದ ಚರ್ಚು ಇದು. ಅವರ ಸಮಾಧಿಯೂ ಈಗ ಒಳಗೇ ಇದೆ. ಇಲ್ಲಿನ ಹುಡುಗರ ಗಾಯನ ತಂಡ 1212ರಿಂದ ನಡೆದು ಬಂದಿದೆ. ಶಾಲೆ ನಡೆಯುವ ದಿನಗಳಲ್ಲಿ ಸಾಮಾನ್ಯವಾಗಿ ಶುಕ್ರವಾರ ಸಂಜೆ ಆರಕ್ಕೆ, ಶನಿವಾರ ಮಧ್ಯಾಹ್ನ ಮೂರಕ್ಕೆ ಹಾಡುತ್ತಾರೆ. ಬಾಗಿಲಲ್ಲಿ ಕೊಡುವ ಕಾರ್ಯಕ್ರಮದ ಹಾಳೆಗೆ ಕೆಲವೇ ಯೂರೋ, ಅದೇ ಟಿಕೆಟ್. ಮೊದಲ ಸಲ ನನಗೆ ಏನೂ ತಲೆಗೆ ಹೋಗಲಿಲ್ಲ. ಕಣ್ಣೆಲ್ಲ ಮೇಲಿನ ಛಾವಣಿಯ ಮೇಲೆ. ಹಾಗೇ ಹೋಗ್ತಾ ಹೋಗ್ತಾ, ಒಂದು ದನಿ ಶುರು ಮಾಡಿದ್ದನ್ನು ಇನ್ನೊಂದು ದನಿ ಹಿಂದಿನಿಂದ ಬಂದು ಎತ್ತಿಕೊಳ್ಳುವುದು ಕಿವಿಗೆ ಸಿಗತೊಡಗಿತು. ಯಾರೂ ಹೇಳಿಕೊಟ್ಟದ್ದಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಅಜ್ಜಿಯೊಬ್ಬರು ಆಮೇಲಾಮೇಲೆ ನಮ್ಮನ್ನು ನೋಡಿ ತಲೆ ಆಡಿಸುತ್ತಿದ್ದರು. ಜರ್ಮನರು ನಗೋದಿಲ್ಲ ಅಂತ ಯಾರೋ ಹೆದರಿಸಿದ್ದರು. ನಗ್ತಾರೆ, ಸ್ವಲ್ಪ ಟೈಮ್ ಬೇಕು ಅಷ್ಟೇ.

ಇನ್ನೊಂದು ನೆಚ್ಚಿನ ಜಾಗ ತೋಟಗಳು. ಊರಿನ ನಡುವೆ, ರೈಲು ಹಳಿ ಪಕ್ಕ, ಎಲ್ಲೆಲ್ಲೂ ಬೇಲಿ ಹಾಕಿದ ಪುಟ್ಟ ಪುಟ್ಟ ತೋಟಗಳಿವೆ. ಅಪಾರ್ಟ್‌ಮೆಂಟಿನಲ್ಲಿರುವವರು ಗುತ್ತಿಗೆಗೆ ಹಿಡಿದು ಬೆಳೆಯುತ್ತಾರೆ. ಇದಕ್ಕೆ ಕಾನೂನೇ ಇದೆ: ತೋಟ 400 ಚದರ ಮೀಟರ್ ಮೀರಬಾರದು, ಒಳಗಿನ ಗುಡಿಸಲು 24 ಚದರ ಮೀಟರ್ ದಾಟಬಾರದು, ಅಲ್ಲೇ ಸಂಸಾರ ಹೂಡುವಂತಿಲ್ಲ. ಸುಮಾರು ಮೂರನೇ ಒಂದು ಭಾಗದಲ್ಲಿ ಹಣ್ಣು ತರಕಾರಿ ಇರಲೇಬೇಕು, ಬರೀ ಹುಲ್ಲುಹಾಸು ಬೆಳೆಸಿ ಕುರ್ಚಿ ಹಾಕಿಕೊಳ್ಳೋ ಹಾಗಿಲ್ಲ. ಜರ್ಮನಿಯ ತುಂಬ ಇವನ್ನು ಶ್ರೇಬರ್ ತೋಟ ಅಂತಾರೆ. ಶ್ರೇಬರ್ ಇದೇ ಊರಿನ ಡಾಕ್ಟರು. ತಮಾಷೆ ಅಂದರೆ ಅವರು ತೋಟ ಮಾಡಿದವರೇ ಅಲ್ಲ. ಅವರು 1861ರಲ್ಲಿ ತೀರಿಕೊಂಡರು. ಅವರ ಹೆಸರಿಟ್ಟುಕೊಂಡ ಸಂಘ ಹುಟ್ಟಿದ್ದು 1864ರಲ್ಲಿ, ಅದೂ ಮಕ್ಕಳಿಗೆ ಆಟದ ಬಯಲು ಬೇಕು ಅಂತ. ತೋಟ ಬಂದದ್ದು ಆಮೇಲೆ. ಈ ಕಥೆಗೆಂದೇ ಊರಲ್ಲೊಂದು ಮ್ಯೂಸಿಯಂ ಇದೆ, ಆದರೆ ನನಗೆ ಬೇಲಿಯಾಚೆಯ ಮಾತೇ ಜಾಸ್ತಿ ಇಷ್ಟ. ಗಿಡ ನೋಡುತ್ತಾ ಸುಮ್ನೆ ನಿಂತರೆ ಸಾಕು, ಯಾರಾದರೂ ಹತ್ತಿರ ಬಂದೇ ಬರುತ್ತಾರೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೆ ಜರ್ಮನ್ ಅಷ್ಟಕ್ಕಷ್ಟೆ. ಟೊಮೆಟೊ ಸಸಿ ಬಗ್ಗೆ ಮಾತಾಡೋದಕ್ಕೆ ಅಷ್ಟು ಸಾಕು.

ಒಂದು ತಿಂಗಳು ದಾಟಿದ ಮೇಲೆ ಬೇಸರ ಬರುತ್ತದೆ. ಇದನ್ನು ಯಾರೂ ಮೊದಲೇ ಹೇಳೋದಿಲ್ಲ. ನೋಡಬೇಕಾದ್ದೆಲ್ಲ ನೋಡಿ ಆಗಿರುತ್ತದೆ, ಮಗಳು ಬೆಳಗ್ಗೆ ಆಫೀಸಿಗೆ ಹೋದರೆ ಬರೋದು ಸಂಜೆ. ನಮ್ಮ ಯಜಮಾನರಂತೂ ಕಿಟಕಿ ಪಕ್ಕ ಕೂತು ಟ್ರಾಮ್ ಎಣಿಸೋಕೆ ಶುರು ಮಾಡಿದ್ದರು. ಆಗ ಕೈ ಹಿಡಿದದ್ದು ನಗರದ ಗ್ರಂಥಾಲಯ. ಒಳಗೆ ಕೂತು ಓದೋದಕ್ಕೆ ದುಡ್ಡಿಲ್ಲ. ಮಕ್ಕಳ ಚಿತ್ರಪುಸ್ತಕದ ಕಪಾಟಿನ ಮುಂದೆ ಕೂತು ನಾನು ಜರ್ಮನ್ ಕಲಿತೆ, ಯಾವ ಆ್ಯಪ್‌ಗಿಂತ ಅದೇ ವಾಸಿ. ಊರಿನ ಪಕ್ಕದ ನದಿ ಕಾಡಂತೂ ವಸಂತದಲ್ಲಿ ಘಮ್ ಅನ್ನುತ್ತದೆ. ನೆಲದ ತುಂಬ ಕಾಡುಬೆಳ್ಳುಳ್ಳಿ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವುದರಿಂದ ನಮ್ಮ ಭಾನುವಾರ ಕಾಡಿಗೇ ಮೀಸಲಾಯಿತು.

ಹಾಗಂತ ಊರು ಬಿಟ್ಟು ಕದಲಲೇ ಇಲ್ಲ ಅಂತಲ್ಲ. ಜರ್ಮನಿಯಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಅಂತ ತಿಂಗಳ ಪಾಸ್ ಇದೆ. 2023ರ ಮೇನಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಇತ್ತು. ವೇಗದ ಐಸಿಇ ರೈಲಿಗೆ ನಡೆಯೋದಿಲ್ಲ. ಬಾಕಿ ಲೋಕಲ್ ರೈಲು, ಟ್ರಾಮ್, ಬಸ್ಸು ದೇಶದ ತುಂಬ ಆಗುತ್ತದೆ. ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರುವಷ್ಟು ದೂರದಲ್ಲಿ ಎಷ್ಟೊಂದಿದೆ ನೋಡಿ. ಹಾಲೆಯಲ್ಲಿ ಇನ್ನೊಬ್ಬ ಸಂಗೀತ ರಚನಕಾರ ಹ್ಯಾಂಡೆಲ್ ಹುಟ್ಟಿದ ಮನೆ ಇದೆ. ಬಾಖ್, ಹ್ಯಾಂಡೆಲ್ ಇಬ್ಬರೂ 1685ರಲ್ಲೇ ಹುಟ್ಟಿದವರು, ಆದರೂ ಜೀವಮಾನದಲ್ಲಿ ಒಮ್ಮೆಯೂ ಭೇಟಿ ಆಗಲಿಲ್ಲ! ಡೆಸ್ಸಾವ್‌ನಲ್ಲಿ ಬೌಹೌಸ್ ಅನ್ನೋ ವಿನ್ಯಾಸ ಶಾಲೆಯ 1926ರ ಕಟ್ಟಡ, ವಿಟನ್‌ಬರ್ಗ್‌ನಲ್ಲಿ ಕ್ರೈಸ್ತ ಧರ್ಮ ಸುಧಾರಕ ಲೂಥರ್ ಇದ್ದ ಮನೆ, ನೌಮ್‌ಬರ್ಗ್ ಚರ್ಚಿನಲ್ಲಿ ಚರ್ಚಿಗೆ ದಾನ ಕೊಟ್ಟವರ ಹದಿಮೂರನೇ ಶತಮಾನದ ಕಲ್ಲಿನ ಮೂರ್ತಿಗಳು. ಅವರಲ್ಲಿ ಊಟಾ ಅನ್ನೋ ದೊರೆಸಾನಿ ಕೋಟಿನ ಕಾಲರ್ ಎತ್ತಿ ಕೆನ್ನೆ ಮುಚ್ಚಿಕೊಂಡ ಗತ್ತು ನೋಡೋಕಾದರೂ ಹೋಗಬೇಕು.

ವಯಸ್ಸಾದವರು ಔಷಧಿಯನ್ನು ಡಾಕ್ಟರ ಚೀಟಿ ಸಮೇತ ತನ್ನಿ. ಇಲ್ಲಿ ಪ್ಯಾರಾಸಿಟಮಾಲ್ ಕೂಡ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗೋದಿಲ್ಲ, ಔಷಧಿ ಅಂಗಡಿಗೇ ಹೋಗಬೇಕು. ತುರ್ತಿಗೆ 112. ಜೀವಕ್ಕೆ ಅಪಾಯ ಇಲ್ಲ, ಆದರೆ ರಾತ್ರಿ ಡಾಕ್ಟರು ಬೇಕು ಅಂದರೆ 116117.

ಆ ತಿಂಗಳ ಪಾಸ್ ಬಗ್ಗೆ ಇನ್ನೊಂದು ಮಾತು. ಅದು ಚಂದಾ ಥರ, ತಾನಾಗಿ ನಿಲ್ಲೋದಿಲ್ಲ. ತಿಂಗಳ ಕೊನೆಗೆ ನಿಲ್ಲಬೇಕು ಅಂದರೆ ಅದೇ ತಿಂಗಳ 10ರೊಳಗೆ ರದ್ದು ಮಾಡಿ. ಇಲ್ಲದಿದ್ದರೆ ನೀವು ವಾಪಸ್ ಮನೆಗೆ ಬಂದ ಮೇಲೂ ಮಗಳ ಬ್ಯಾಂಕಿನಿಂದ ದುಡ್ಡು ಹೋಗುತ್ತಲೇ ಇರುತ್ತದೆ, ಅವಳ ಫೋನೂ ಬರುತ್ತಲೇ ಇರುತ್ತದೆ.