ಮಾದರಿ ಸಂಸ್ಥಾನದ ಹಿತ್ತಲ ಬಾಗಿಲು

ನಮ್ಮ ಮನೆಯಲ್ಲಿ ಮೈಸೂರು ಸಂಸ್ಥಾನದ ಮಾತು ಬಂದರೆ ಕನ್ನಂಬಾಡಿ ಕಟ್ಟೆ, ಶಿವನಸಮುದ್ರದ ವಿದ್ಯುತ್ತು, ದಿವಾನರ ದೂರದೃಷ್ಟಿ ಇಷ್ಟರಲ್ಲೇ ಕಥೆ ಮುಗಿಯುತ್ತಿತ್ತು. ಆ ವಿದ್ಯುತ್ತು 1902ರಲ್ಲಿ ಹರಿದದ್ದು ಕೋಲಾರದ ಚಿನ್ನದ ಗಣಿಗೆ ಎಂಬುದು ಗೊತ್ತಿದ್ದರೂ, ಗಣಿಯೊಳಗೆ ಇಳಿದವರು ಯಾರೆಂದು ನಾನು ಕೇಳಿಕೊಂಡದ್ದು ಇತಿಹಾಸಕಾರರಾದ ಜಾನಕಿ ನಾಯರ್ ಅವರನ್ನು ಓದಿದ ಮೇಲೆಯೇ.

1998ರಲ್ಲಿ ಬಂದ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಕೆಜಿಎಫ್‌ನ ಗಣಿ ಕಾರ್ಮಿಕರನ್ನೂ ಬೆಂಗಳೂರಿನ ಗಿರಣಿ ಕಾರ್ಮಿಕರನ್ನೂ ಒಟ್ಟಿಗೆ ಇಟ್ಟು ನೋಡುತ್ತದೆ. ಗಣಿಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಮಾತನಾಡುವ ದಲಿತರು. ಬೆರಳಚ್ಚು ಒತ್ತಿ ಹೆಸರು ನೋಂದಾಯಿಸಬೇಕೆಂಬ ಕ್ರಮವನ್ನು ವಿರೋಧಿಸಿ ಅವರು 1930ರಲ್ಲಿ ಕೆಲಸ ನಿಲ್ಲಿಸಿದರು. ಬೆರಳಚ್ಚು ಕಳ್ಳರಿಂದ ಪಡೆಯುವಂಥದ್ದು ಎಂದು ಬಲ್ಲವರಿಗೆ ಅದು ಕೂಲಿಗಿಂತ ಮೊದಲು ಮರ್ಯಾದೆಯ ಪ್ರಶ್ನೆಯಾಗಿತ್ತೆಂದೇ ನನಗೆ ತೋರುತ್ತದೆ.

ಈ ಪುಸ್ತಕಕ್ಕೂ ಎರಡು ವರ್ಷ ಮೊದಲು ಜಾನಕಿಯವರು ವಸಾಹತುಕಾಲದ ಭಾರತದಲ್ಲಿ ಹೆಂಗಸರು ಮತ್ತು ಕಾನೂನು ಎಂಬ ವಿಷಯದ ಮೇಲೆ ಪುಸ್ತಕ ಬರೆದಿದ್ದರು. ಕಾರ್ಮಿಕರ ಚರಿತ್ರೆ ಬೇರೆ, ಸ್ತ್ರೀ ಚರಿತ್ರೆ ಬೇರೆ ಎಂದು ಕಪಾಟಿನಲ್ಲಿ ಬೇರೆಬೇರೆ ಜೋಡಿಸುವ ನಮಗೆ ಇವೆರಡರ ನಂಟು ತಟ್ಟನೆ ಹೊಳೆಯದು. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿದ್ದನ್ನು ನಾನು ಶುದ್ಧ ಸುಧಾರಣೆಯೆಂದೇ ತಿಳಿದಿದ್ದೆ. ದೇವದಾಸಿ, ಧರ್ಮ ಮತ್ತು ಪ್ರಭುತ್ವವನ್ನು ಕುರಿತ ಅವರ ಲೇಖನವನ್ನು ಓದುವಾಗ, ಅದು ಆ ಹೆಂಗಸರ ಪಾಲಿಗೆ ಕೆಲಸ ಕಳೆದುಕೊಂಡ ದಿನವೂ ಹೌದೆಂಬುದು ಮನಸ್ಸಿಗೆ ಬಂತು. ಸೇವೆಯೊಂದಿಗೆ ಅದಕ್ಕೆ ಅಂಟಿಕೊಂಡಿದ್ದ ಜೀವನೋಪಾಯವೂ ಸ್ಥಾನಮಾನವೂ ಹೋದವು. ದೇವದಾಸಿಯನ್ನು ದುಡಿಯುವ ಹೆಂಗಸಾಗಿ ನೋಡಿದಾಗ ಮಾತ್ರ ಆ ನಷ್ಟದ ಲೆಕ್ಕ ಸಿಗುತ್ತದೆ.

ಹಾಗೆಂದು ಸುಧಾರಣೆಯೆಲ್ಲ ಸೋಗು ಎಂದು ತಳ್ಳಿಹಾಕುವುದೂ ಸುಲಭದ ದಾರಿಯೇ. ಮೈಸೂರಿನ 1894ರ ಶಿಶುವಿವಾಹ ತಡೆ ಕಾನೂನು ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದವಳನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಬ್ರಿಟಿಷ್ ಭಾರತದಲ್ಲಿ ಬಾಲ್ಯವಿವಾಹ ತಡೆಯಲು 1929ರಲ್ಲಿ ಬಂದ ಶಾರದಾ ಕಾಯ್ದೆಗೆ 35 ವರ್ಷ ಮೊದಲೇ ಸಂಸ್ಥಾನವೊಂದು ಇಷ್ಟು ಮಾಡಿದ್ದು ಸಣ್ಣದಲ್ಲ.

ಮುಂದೆ ಬೆಂಗಳೂರು ನಗರದ ಚರಿತ್ರೆಯನ್ನೂ ಬರೆದ ಜಾನಕಿಯವರು ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ನನ್ನ ಮನಸ್ಸು ಮಾತ್ರ ಆ ಎಂಟರ ಅಂಕಿಯಲ್ಲೇ ಸಿಕ್ಕಿಕೊಂಡಿದೆ. ಆ ಕಾನೂನು ಜಾರಿಗೆ ಬಂದ ಮೇಲೆ ಮದುವೆಯಾದ ನಮ್ಮ ಮುತ್ತಜ್ಜಿಗೆ ಆಗ ಒಂಬತ್ತು ತುಂಬಿತ್ತಂತೆ. ಸರ್ಕಾರದ ಲೆಕ್ಕದಲ್ಲಿ ಯಾವ ತಪ್ಪೂ ನಡೆದಿರಲಿಲ್ಲ.